ಶೇಂಗಾ ರಾಶಿ ಮುಗಿಯುವ ಮುನ್ನ

ತೇಲೂರು, ಹಿನ್ನೀರಿನ ಮೇಲೆ
ಫೆಬ್ರವರಿ ೩೦, ೨೨೪೮

ಪಾಲಕರ ಸಭೆಗೆ ಹೊರಟು ನಿಂತಿರುವ ನನ್ನ ಹಿರೀಕರಿಗೆ ಯಲಗೂರದಪ್ಪನ ಶರಣು.

ತಾರೀಖು ನೋಡಿ ಗಾಬರಿಯಾಗಬೇಡಿರಿ. ಫೆಬ್ರವರಿಗೆ ಮೂವತ್ತು ದಿನ ಕೊಟ್ಟು ನಮ್ಮ ಕಾಲದವರು ಅದರ ಹಳೆಯ ದುಃಖ ನೀಗಿಸಿದ್ದಾರೆ. ನನ್ನ ಮಾತುಗಳು ವಿಚಿತ್ರವೆನಿಸಿದರೆ ಕ್ಷಮೆಯಿರಲಿ. ನಾನು ಊರ ಶಾಲೆಯಲ್ಲಿ ಏಳನೆಯ ಇಯತ್ತೆ ಮುಗಿಸಿದವನು. ಹಾಗಿದ್ದರೂ ನಿಮ್ಮ ಕಾಲದ ಕನ್ನಡವನ್ನು ಇಷ್ಟು ಚೆಂದಾಗಿ ಬರೆಯಬಲ್ಲವನು ಈ ಊರಿನಲ್ಲಿ ನಾನೊಬ್ಬನೇ. ಇದನ್ನು ಒಪ್ಪದವರೂ ಇದ್ದಾರೆ, ಅವರಿಗೆ ಹೊಟ್ಟೆಕಿಚ್ಚು.

ತೇಲೂರು ಎಂದರೆ ತೇಲುವ ಊರು. ಮನೆ, ಗುಡಿ, ದರ್ಗಾ, ಹಿಟ್ಟಿನ ಗಿರಣಿ ಎಲ್ಲವೂ ತೆಪ್ಪಗಳ ಮೇಲಿವೆ. ಗಾಳಿ ಜೋರಾದ ದಿನ ನೆರೆಯವರು ಮನೆ ಸಮೇತ ನಮ್ಮ ಬಾಗಿಲಿಗೇ ಬಂದುಬಿಡುತ್ತಾರೆ. ಚಹಾ ಕೊಡದೆ ವಿಧಿಯಿಲ್ಲ. ಹೊಲವೂ ತೆಪ್ಪದ ಮೇಲೆಯೇ, ಅದಕ್ಕೆ ಮಡಿತೆಪ್ಪ ಎನ್ನುತ್ತೇವೆ. ಹೋದ ವರ್ಷದ ತನಕ ನನ್ನ ಮಡಿತೆಪ್ಪದ ಶೇಂಗಾಕ್ಕೆ ಪ್ರತಿ ವರ್ಷ ಮೊದಲ ಬಹುಮಾನ. ಶಾಲೆ ಒಂದು ದೊಡ್ಡ ದೋಣಿ. ಅದರ ಬಾಲಕ್ಕೆ ಕಟ್ಟಿದ ಚಿಕ್ಕದೊಂದು ಹಿಂದೋಣಿಯಿದೆ. ಪಾಠ ತಲೆಗೆ ಹತ್ತದ ಮಕ್ಕಳನ್ನು ಅಲ್ಲಿ ಕೂಡಿಸುತ್ತಾರೆ. ಹೆಸರಿಗೆ ಅಲ್ಲಿ ನಿಧಾನವಾಗಿ ಕಲಿಸುತ್ತಾರಂತೆ. ಅದನ್ನು ಹತ್ತಿದ ಮಗು ತಿರುಗಿ ದೊಡ್ಡ ದೋಣಿಗೆ ಬಂದದ್ದನ್ನು ಮಾತ್ರ ನಾನು ಕಂಡಿಲ್ಲ.

ನಿಮ್ಮ ಕಾಲದ ಸಭೆಯ ಚಿತ್ರವನ್ನು ನಮ್ಮಲ್ಲಿ ಈಗಲೂ ತೋರಿಸುತ್ತಾರೆ. ಸಾಲು, ಸಹಿ, ಅಂಕ, ಮಗುವಿನ ಕಡೆಗೊಂದು ಕೆಂಗಣ್ಣು, ಮುಗಿಯಿತು. ನೋಡಿ ಎಲ್ಲರೂ ನಗುತ್ತಾರೆ, ನಾನು ನಗುವುದಿಲ್ಲ. ನೀವು ಕೆಲಸ ಬಿಟ್ಟು ಬಂದಿರುತ್ತೀರಿ, ಬಸ್ಸು ಹಿಡಿಯಬೇಕು. ಕಲಿಸುವವರ ಮುಂದೆಯೂ ಊರಿಗೂರೇ ಕಾದಿರುತ್ತದೆ. ಆ ಅವಸರ ಕಳೆಯಲೆಂದೇ ನಿಮ್ಮ ಮೊಮ್ಮಕ್ಕಳು ರಾಶಿಕೂಟ ಎಂಬ ಪದ್ಧತಿ ಹಾಕಿದರು. ಅಕ್ಕೋರು (ಶಿಕ್ಷಕಿಯನ್ನು ನಾವು ಇಂದಿಗೂ ಹಾಗೆಯೇ ಕರೆಯುತ್ತೇವೆ) ಮತ್ತು ಪಾಲಕರು ನಡುವೆ ಶೇಂಗಾ ರಾಶಿ ಹಾಕಿಕೊಂಡು ಸುಲಿಯಬೇಕು. ರಾಶಿ ಮುಗಿಯುವ ತನಕ ಯಾರೂ ಏಳುವಂತಿಲ್ಲ. ರಾಶಿ ಮುಗಿದರೆ ಸಭೆಯೂ ಮುಗಿಯಿತು. ಕೈಗೆ ಕೆಲಸವಿದ್ದರೆ ಬಾಯಿಯ ಬಿಗಿ ತಾನೇ ಸಡಿಲುತ್ತದೆ. ಸುಲಿದ ಕಾಳು ಮಕ್ಕಳ ಊಟದ ಚಟ್ನಿಗೆ.

ಹೋದ ಸಲ ನನ್ನ ತಂಗಿ, ಆಕೆಯ ಗಂಡ ಇಬ್ಬರೂ ದುಡಿಯಲು ಆಚೆ ದಂಡೆಗೆ ಹೋಗಿದ್ದರಿಂದ ಅವರ ಮಗಳು ನೀಲವ್ವನ ಪರವಾಗಿ ನಾನು ಹೋದೆ. ನೀಲವ್ವ ಶಾಲೆಯಲ್ಲಿ ಬಾಯಿಯೇ ಬಿಡದ ಹುಡುಗಿ. ಆಕೆಯನ್ನು ಹಿಂದೋಣಿಗೆ ಹಾಕಬೇಕೋ ಬೇಡವೋ ಎಂಬುದು ಅಂದೇ ತೀರ್ಮಾನವಾಗುವುದಿತ್ತು. ಹೊರಡುವಾಗ ನನ್ನ ಅಂಗಿಯ ಚುಂಗು ಹಿಡಿದು ನಿಂತಳು.

ದಾವಲಬಿ ಅಕ್ಕೋರು ಚಾಪೆಯ ಮೇಲೆ ರಾಶಿ ಸುರಿದರು. ಶೇಂಗಾ ಸುಲಿಯುವುದರಲ್ಲಿ ನನ್ನನ್ನು ಮೀರಿಸುವವರು ಎರಡೂ ದಂಡೆಯಲ್ಲಿ ಹುಟ್ಟಿಲ್ಲ. ಅದನ್ನು ತೋರಿಸದೆ ಇರುವುದು ಹೇಗೆ? "ನಮ್ಮ ಮನೆತನದಾಗ ದಡ್ಡರು ಯಾರೂ ಇಲ್ಲರೀ ಅಕ್ಕೋರ, ನನ್ನ ಕೈ ನೋಡ್ರಿ" ಎನ್ನುತ್ತ ಎರಡೂ ಕೈ ಆಡಿಸಿದೆ. ನನ್ನ ಬಹುಮಾನದ ಕಥೆ ಅರ್ಧಕ್ಕೆ ಬರುವಷ್ಟರಲ್ಲಿ ರಾಶಿ ಖಾಲಿ. ಅಕ್ಕೋರು ಸೆರಗು ಕೊಡವಿ ಎದ್ದರು.

"ರಾಶಿ ಮುಗೀತಲ್ರಿ ಯಲಗೂರದಪ್ಪ. ಹುಡುಗೀ ಸುದ್ದಿನ ಬರಲಿಲ್ಲ. ನಾಳಿಂದ ಹಿಂದೋಣಿಗೆ ಕಳಸ್ರಿ."

ನನ್ನ ಮಗ್ಗುಲಲ್ಲಿ ಬಿತ್ತನೆಯ ಶೇಂಗಾ ಚೀಲವಿತ್ತು. ಅದೇ ಬಹುಮಾನದ ತಳಿ. ಸಭೆ ಮುಗಿಸಿ ಹಾಗೆಯೇ ಬಿತ್ತಲು ಹೋಗುವವನಿದ್ದೆ. ಚೀಲದ ಬಾಯಿ ಬಿಚ್ಚಿ ಪೂರ್ತಿ ಚಾಪೆಗೆ ಸುರಿದೆ.

"ರಾಶಿ ಎಲ್ಲಿ ಮುಗದೈತ್ರಿ? ಇನ್ನೂ ಇಷ್ಟೈತಿ, ಕೂಡ್ರಿ."

"ಅಯ್ಯ, ಬಿತ್ತಾಕ ಏನ್ ಮಾಡ್ತೀರಿ?"

"ಮುಂದಿನ ವರ್ಷ ಬಿತ್ತೂಣಂತ. ಹುಡುಗೀನ ಮುಂದಿನ ವರ್ಷಕ್ಕ ಬಿಡಾಕ ಬರ್ತೈತೇನ್ರಿ?"

ಅಕ್ಕೋರು ನಕ್ಕು ಕೂತರು. ಈ ಸಲ ಒಂದೊಂದೇ ಕಾಯಿ ಸುಲಿದೆ. ನೀಲವ್ವ ಸುಮ್ಮನೆ ಕೂತಾಗ ಎತ್ತ ನೋಡುತ್ತಾಳೆ ಎಂದು ಕೇಳಿದೆ. ಕಿಟಕಿಯಾಚೆ ಹೋಗುವ ದೋಣಿಗಳನ್ನು, ಲೆಕ್ಕದ ಹೊತ್ತಿನಲ್ಲಂತೂ ಇತ್ತ ತಿರುಗುವುದೇ ಇಲ್ಲ ಎಂದರು. ಸಂಜೆ ಮನೆಯಲ್ಲಿ ಅದೇ ಸುದ್ದಿ ಎಂದು ನಾನು ಹೇಳಿದೆ: ಯಾವ ದೋಣಿ ಎಷ್ಟು ಗೇಣು ಮುಳುಗಿತ್ತು, ಹಾಗಾದರೆ ಎಷ್ಟು ಚೀಲ ಜೋಳವಿತ್ತು, ದಂಡೆಯಲ್ಲಿ ಎಷ್ಟು ಇಳಿಸಿ ಬಂತು.

ಅಕ್ಕೋರ ಕೈ ನಿಂತಿತು. "ಅಷ್ಟೂ ಲೆಕ್ಕಾ ಬಾಯಿಲೇ ಹೇಳ್ತಾಳ?"

"ಹೂಂರೀ. ನಾ ತಪ್ಪಿದ್ರ ನನ್ನ ಮ್ಯಾಲ ನಗ್ತಾಳ."

"ಮತ್ತ ನನಗ್ಯಾಕ ಯಾರೂ ಹೇಳಿಲ್ಲ?"

"ನೀವು ನಮ್ಮ ಸಂಜೀ ನೋಡಿಲ್ಲ, ನಾವು ನಿಮ್ಮ ಕಿಟಕಿ ನೋಡಿಲ್ಲ."

ಮುಂದಿನ ರಾಶಿಯವರೆಗೆ ಆಕೆ ದೊಡ್ಡ ದೋಣಿಯಲ್ಲೇ ಇರಲಿ, ಲೆಕ್ಕವನ್ನು ದೋಣಿಗಳ ಮೂಲಕವೇ ಕೇಳುತ್ತೇನೆ ಎಂದರು ಅಕ್ಕೋರು. ಮನೆಯಲ್ಲಿ ಆಕೆ ಮಾತಾಡುವಾಗ ನಾನು ನಡುವೆ ಬಾಯಿ ಹಾಕಬಾರದೆಂದು ತಾಕೀತೂ ಮಾಡಿದರು. ನನ್ನ ಬಿತ್ತನೆ ಬೀಜ ಚಟ್ನಿಯಾಯಿತು, ಈ ವರ್ಷದ ಬಹುಮಾನ ಪಕ್ಕದ ತೆಪ್ಪದವನ ಪಾಲಾಯಿತು. ಆದರೆ ಅಂಥ ಚಟ್ನಿಯನ್ನು ಆ ಶಾಲೆ ಎಂದೂ ಕಂಡಿರಲಿಲ್ಲ.

ಹಿರೀಕರೇ, ನಿಮ್ಮಲ್ಲಿ ರಾಶಿಕೂಟವಿಲ್ಲ. ಆದರೂ ಕಿಸೆಯಲ್ಲಿ ಒಂದು ಹಿಡಿ ಶೇಂಗಾ ಇರಲಿ. ಅಂಕ ಕೇಳುವ ಮೊದಲು ಮಗು ಎತ್ತ ನೋಡುತ್ತದೆ ಎಂದು ಕೇಳಿರಿ. ಮನೆಯಲ್ಲಿ ಅದು ಏನು ಮಾತಾಡುತ್ತದೆ ಎಂದು ಹೇಳಿರಿ. ಸಹಿ ಕೊನೆಗಿರಲಿ.

ನಾಳೆ ನಮ್ಮ ಮುಂದಿನ ರಾಶಿ. ನಾನು ಇದನ್ನು ಬರೆಯುತ್ತಿರುವಾಗ ನೀಲವ್ವ ಹಿಂದೆ ಕೂತು, ನೆರೆಮನೆಯಿಂದ ತಂದ ಶೇಂಗಾವನ್ನು ನನ್ನ ಚೀಲಕ್ಕೆ ತುಂಬುತ್ತಿದ್ದಾಳೆ. ಸಾಕು ಎಂದರೂ ಕೇಳಲಿಲ್ಲ.

"ಮಾಮಾ, ನೀ ಭಾಳ ಜೋರ ಸುಲೀತಿ. ಇನ್ನಷ್ಟಿರಲಿ."

ನಾನು ನಡುವೆ ಬಾಯಿ ಹಾಕಲಿಲ್ಲ.

ನಿಮ್ಮ ಕುಡಿ,
ಯಲಗೂರದಪ್ಪ