ನ್ಯಾಯವಾದ ಬೆಲೆ, ರಾಕ್ಷಸನ ಗಂಟಲು

ಬುದ್ಧ ಶಕ ೨೫೦೦, ಮಾರ್ಚ್ ೯, ಶನಿವಾರ

ನಿಂಬೆರಸ, ಜೇನು, ಚಿಟಿಕೆ ಉಪ್ಪು. ಗಂಟಲಿನ ಪೂಜೆ ಆಯಿತು. ನಾಟಕದ ಗುರುವಿನ ಮುಖವಾಡಕ್ಕೆ ಮೂರು ಊದುಬತ್ತಿ, ಮೈಕಿಗೆ ಮಲ್ಲಿಗೆ ದಂಡೆ. ಮಧ್ಯಾಹ್ನದ ಆಟ — ಹೌಸ್‌ಫುಲ್!

ಇವತ್ತು ಯಾರು ಯಾರಾಗಿದ್ದೆ? ದೋಣಿಯವನ ಮಗಳು, ಅವಳ ಅಜ್ಜಿ, ಸೊಕ್ಕಿನ ಸವತಿ, ತೊಟ್ಟಿಲ ಕೂಸು, ಒಂದು ಕೋಳಿ. ಸನಿತ್ — ನಾಯಕ, ಖಳನಾಯಕ, ಪೊಲೀಸು, ಕುದುರೆ. ಗಂಡ ಹೆಂಡತಿ ಇಬ್ಬರು, ಮೈಕು ಎರಡು, ಲೋಕವೆಲ್ಲ ನಮ್ಮ ಗಂಟಲಲ್ಲಿ! ಬ್ಯಾಂಕಾಕಿನಿಂದ ಬರುವ ಚಿತ್ರಕ್ಕೆ ಬಣ್ಣ ಇದೆ, ಬಾಯಿ ಇದೆ, ಮಾತಿಲ್ಲ. ಮಾತು ನಾವು. ಪರದೆಯ ಮೇಲೆ ಅವಳು ತುಟಿ ಅಲ್ಲಾಡಿಸಬೇಕು, ಪ್ರೊಜೆಕ್ಟರಿನ ಪಕ್ಕದ ಗೂಡಿನಲ್ಲಿ ಈ ಪ್ರಯೋಂಗ್ ಬಾಯಿ ತೆರೆಯಬೇಕು. ಆಗ ಆ ಸುಂದರಿಗೆ ಜೀವ.

ಮಾತಿನ ಕಾಗದ ರೀಲಿನ ಡಬ್ಬಿಯ ಜೊತೆಗೇ ಬರುತ್ತದೆ, ನಿಜ. ಅದನ್ನೇ ಓದಿದರೆ ಜನ ಕಲ್ಲಂಗಡಿ ಬೀಜದ ಸಿಪ್ಪೆ ಎಸೆಯುತ್ತಾರೆ. ಊರ ಸುದ್ದಿ ಬೆರೆಸಬೇಕು. ಐಸ್ ಕಾಫಿಯ ಬೆಲೆ ಅರ್ಧ ಬಾತ್‌ನಿಂದ ಮುಕ್ಕಾಲಕ್ಕೆ ಏರಿದ ದಿನ ಖಳನಾಯಕನೇ ಲೋಟ ಕೆಳಗಿಟ್ಟು "ಬೇಡಪ್ಪಾ, ನಾನಿನ್ನೂ ಅಷ್ಟು ದೊಡ್ ಕಳ್ಳ ಆಗಿಲ್ಲ" ಅಂದಿದ್ದ.

ಇವತ್ತು... ನಾಯಕಿಯ ಅಪ್ಪ ಮುಂದಿನ ತಿಂಗಳು ಮದುವೆ ಎಂದ. ಅವಳು ಕಣ್ಣೊರೆಸಿಕೊಂಡಳು. ಕಾಗದದಲ್ಲಿ ಇದ್ದದ್ದು "ಅಯ್ಯೋ ವಿಧಿಯೇ". ನನ್ನ ಬಾಯಲ್ಲಿ ಬಂದದ್ದು — "ಹನ್ನೆರಡು ಬಾತ್ ಇದ್ದ ಹಂದಿ ಮಾಂಸ ಹದಿನೈದಾಗಿದೆ. ಮದ್ವೆ ಊಟಕ್ಕೆ ಏನ್ ಬಡಿಸ್ತೀಯಪ್ಪಾ, ನನ್ ಕಣ್ಣೀರಾ?"

ಎರಡು ನಿಮಿಷ ಶಿಳ್ಳೆ! ಯಾರೋ ಖುಷಿಗೆ ಚಪ್ಪಲಿಯನ್ನೇ ಮೇಲಕ್ಕೆ ಎಸೆದರು. ಸನಿತ್ ಮಾತ್ರ ನಗಲಿಲ್ಲ.

ಮಾರ್ಚ್ ೧೧, ಸೋಮವಾರ, ಬೆಳಿಗ್ಗೆ ಹತ್ತು

ಥಿಯೇಟರ್ ಮಾಲೀಕ ಬಕ್ ಬಂದ. ಮೆತ್ತನೆಯ ಮನುಷ್ಯ. ಟಿಕೆಟ್ ಪುಸ್ತಕದಲ್ಲೇ ಗಾಳಿ ಬೀಸಿಕೊಳ್ಳುತ್ತ ನಿಂತ.

"ಪ್ರಯೋಂಗಕ್ಕಾ, ನನ್ ಹೊಟ್ಟೆ ಮೇಲೆ ಹೊಡೆದ್ಬಿಟ್ಟೆ."

"ಹೌಸ್‌ಫುಲ್ ಮಾಡಿ ಹೊಡೆದೆ, ಯಜಮಾನ್ರೇ."

"ಸಿಯಾ ಕುವಾಂಗ್ ಮನೆಗೆ ಕರೆಸಿದ್ರು. ಟೀ ಕೂಡ ಕೊಡ್ಲಿಲ್ಲ."

ಟೀ ಕೊಡಲಿಲ್ಲ ಎಂದರೆ ವಿಷಯ ದೊಡ್ಡದು. ಊರಿಗೆಲ್ಲ ಇರುವುದು ಒಂದೇ ಕಸಾಯಿಖಾನೆ ಲೈಸೆನ್ಸು, ಅದು ಸಿಯಾ ಸಾಹುಕಾರನ ಜೇಬಿನಲ್ಲಿ. ಥಿಯೇಟರಿನ ಕೆಳಗಿನ ನೆಲವೂ ಅವನದೇ.

"ಹಂದಿ ಮಾತು ಇನ್ನೊಂದ್ಸಲ ಕೇಳಿಸಿದ್ರೆ ಥಿಯೇಟರ್ ಎತ್ಕೊಂಡ್ ಹೋಗಿ ನದೀಲಿಟ್ಕೋ ಅಂದ್ರು. ಕಾಗ್ದದಲ್ಲಿರೋದ್ ಓದು ತಾಯಿ. ಒಂದಕ್ಷರ ಹೆಚ್ಚಿಲ್ಲ, ಕಮ್ಮಿಯಿಲ್ಲ. ಇಲ್ಲಾಂದ್ರೆ ಮೈಕೂ ಇಲ್ಲ, ಹಿಂದಿನ್ ರೂಮೂ ಇಲ್ಲ."

ನಾನು ಎದ್ದು ನಿಂತು ಒಂದು ಭಾಷಣ ಬಿಗಿಯಬೇಕು ಎನ್ನುವಷ್ಟರಲ್ಲಿ ಸನಿತ್ "ಆಗ್ಲಿ ಯಜಮಾನ್ರೇ" ಅಂದುಬಿಟ್ಟ.

ಬಕ್ ಹೋದ ಮೇಲೆ ಸನಿತ್‌ನನ್ನು ಹಿಡಿದುಕೊಂಡೆ. "ದಿನಾ ನಾಯಕನ ಮಾತಾಡೋ ಗಂಡ್ಸು ನೀನು! ನಾಚ್ಕೆ ಆಗಲ್ವಾ?"

"ನಾಯಕನಿಗೆ ಬಾಡಿಗೆ ಮನೆ ಇಲ್ಲ ಕಣೇ."

ಹನ್ನೊಂದು ವರ್ಷದಿಂದ ಪರದೆಯ ಹಿಂದಿನ ಈ ಕೋಣೆಯೇ ಮನೆ. ಅದೂ ನಿಜ. ಹಾಳು ನಿಜ.

ಮಾರ್ಚ್ ೧೪, ಗುರುವಾರ

ಓದಿದೆ. ಇದ್ದದ್ದು ಇದ್ದ ಹಾಗೆ. ಒಂದೇ ಆಟದಲ್ಲಿ "ಅಯ್ಯೋ ವಿಧಿಯೇ" ಏಳು ಸಲ. ಏಳನೆಯದಕ್ಕೆ ಮುಂದಿನ ಸಾಲಿನಿಂದ ಗೊರಕೆ ಕೇಳಿಸಿತು.

ಹೊರಗೆ ಬಂದರೆ ಗೇಟಿನಲ್ಲಿ ಮೊಟ್ಟೆ ಮಾರುವ ಲಮಾಯ್. ಬುಟ್ಟಿ ಸೊಂಟದ ಮೇಲೆ, ಕಣ್ಣು ನನ್ನ ಮೇಲೆ.

"ಏನವ್ವಾ, ನಾಯಕಿಗೆ ಜ್ವರನಾ? ಎರಡ್ ಬಾತ್ ಕೊಟ್ಟು ಕಾಗ್ದ ಓದೋದ್ ಕೇಳ್ಬೇಕಾ? ನನ್ ಮೊಮ್ಮಗಳು ಪುಕ್ಕಟೆ ಓದ್ತಾಳೆ."

"ಯಜಮಾನ್ರ ಆರ್ಡರು, ಲಮಾಯಕ್ಕ."

"ಹಂದಿ ಹದಿನಾರಾಯ್ತು. ಪೇಪರ್‌ನೋರು ಬರೆಯಲ್ಲ, ರೇಡಿಯೋದೋರು ಹೇಳಲ್ಲ. ನಿನ್ ನಾಯಕೀನೂ ಬಾಯ್ ಮುಚ್ಕೊಂಡ್ರೆ ಇನ್ಯಾರ್ ಹೇಳ್ತಾರೆ? ನನ್ ಕೋಳಿನಾ?"

ನಾಲ್ಕು ಮೊಟ್ಟೆ ಕೊಂಡು ಒಳಗೆ ಬಂದೆ. ನಾನು! ಚೌಕಾಸಿ! ಮಾಡದೆ!

ಮಾರ್ಚ್ ೧೫

ಓದಿದೆ.

ಮಾರ್ಚ್ ೨೭, ಬುಧವಾರ

ಅರ್ಧ ಹಾಲ್ ಖಾಲಿ. ಹಂದಿ ಹದಿನೇಳು. ಮುಂದಿನ ವಾರ ಚೀನೀ ಮನೆಗಳಲ್ಲಿ ಹಿರಿಯರ ಪೂಜೆ. ಹಂದಿ ಮಾಂಸವಿಲ್ಲದೆ ಎಡೆಯಿಲ್ಲ. ಸಿಯಾಗೆ ಗೊತ್ತು. ಅವನೂ ಅದೇ ಜನ. ಗೊತ್ತಿದ್ದೇ ಏರಿಸುತ್ತಾನೆ.

ಬಕ್ ಗುಲಾಬಿ ಬಣ್ಣದ ಕಾಗದ ತಂದ. ಜಾಹೀರಾತು! ರೀಲು ಬದಲಾಯಿಸುವ ಹೊತ್ತಿನಲ್ಲಿ ನಾವು ಊರ ಅಂಗಡಿಗಳ ಜಾಹೀರಾತು ಹೇಳುವುದು ಪದ್ಧತಿ. ಅದೂ ಚಿತ್ರದ ಪಾತ್ರಗಳ ಧ್ವನಿಯಲ್ಲೇ — ಮುಖದ ಪೌಡರಾದರೆ ನಾಯಕಿ, ನೋವಿನ ಎಣ್ಣೆಯಾದರೆ ಅಜ್ಜಿ, ಸೈಕಲ್ಲಾದರೆ ನಾಯಕ.

ಈ ಸಲ — ಸಿಯಾ ಕುವಾಂಗ್ ಅವರ ಹಂದಿ ಮಾಂಸ.

"ಭಾನುವಾರ ಸಿಯಾ ಅವ್ರೇ ಮುಂದಿನ್ ಸಾಲಲ್ಲಿ ಕೂರ್ತಾರೆ, ಮನೆಮಂದಿ ಸಮೇತ. ಊರಿಗೆಲ್ಲ ಫ್ರೀ ಟಿಕೆಟ್ ಹಂಚಿದಾರೆ. ಪ್ರಯೋಂಗಕ್ಕಾ, ಒಂದಕ್ಷರ ಬದ್ಲಾಯಿಸ್ಬೇಡ."

"ಒಂದಕ್ಷರನೂ ಬದ್ಲಾಯಿಸಲ್ಲ. ಗುರುವಿನಾಣೆ."

ಸನಿತ್ ಅನುಮಾನದಿಂದ ನನ್ನ ಮುಖ ನೋಡಿದ. ಬಕ್‌ನನ್ನು ಕೇಳಿದ, "ಯಾರ ಧ್ವನೀಲಿ ಹೇಳ್ಬೇಕು?"

"ಯಾರದ್ದೋ ಒಂದು. ಅದೆಲ್ಲ ನಿಮ್ ಕೆಲ್ಸ."

ಆಹಾ! ಇಪ್ಪತ್ತು ವರ್ಷ ಥಿಯೇಟರ್ ನಡೆಸಿದವನು ಆಡುವ ಮಾತೇ ಇದು?

ಮಾರ್ಚ್ ೩೧, ಭಾನುವಾರ. ಆಟ ಮುಗಿದಿದೆ.

ಹಾಲ್ ಕಿಕ್ಕಿರಿದಿತ್ತು. ನಡುವಿನ ದಾರಿಯಲ್ಲೂ ಚಾಪೆ. ಮುಂದಿನ ಸಾಲಿನಲ್ಲಿ ಬಿಳಿ ಕೋಟಿನ ಸಿಯಾ, ಪಕ್ಕದಲ್ಲಿ ಅವನ ಮುದಿ ತಾಯಿ, ಹೆಂಡತಿ, ಮಕ್ಕಳು. ಮೂರನೆಯ ರೀಲು. ಖಳನಾಯಕ ದೋಣಿಯವನ ಗುಡಿಸಲಿಗೆ ಬೆಂಕಿ ಇಟ್ಟ. ರೀಲು ಮುಗಿಯಿತು. ಪರದೆ ಬೆಳ್ಳಗಾಯಿತು.

ಅಪ್ಪನ ನೆನಪಾಯಿತು. ಅವನ ಲಿಕೇ ನಾಟಕ ಕಂಪನಿಯಲ್ಲಿ ರಾಕ್ಷಸನ ಪಾತ್ರ ಯಾವಾಗಲೂ ಅವನದೇ. ಅವನು ಕೂಗಿದರೆ ನದಿಯ ಆಚೆ ದಂಡೆಯ ನಾಯಿಗಳು ಬೊಗಳುತ್ತಿದ್ದವು. ನನಗೆ ಹದಿನಾರಾಗಿದ್ದಾಗ ಅವನಿಗೆ ಜ್ವರ ಬಂದು, ಒಂದು ವಾರ ಮೀಸೆ ಅಂಟಿಸಿಕೊಂಡು ಆ ಪಾತ್ರ ನಾನೇ ಮಾಡಿದ್ದೆ. ಆಮೇಲೆ ಆ ಗಂಟಲು ತೆಗೆದಿರಲಿಲ್ಲ.

ತೆಗೆದೆ. ಹೊಕ್ಕುಳಿನ ಕೆಳಗಿನಿಂದ ಬಂತು.

"ಮಹಾಜನರೇ! ನಮ್ಮ ಊರಿನ ಹೆಮ್ಮೆ, ಸಿಯಾ ಕುವಾಂಗ್ ಅವರ ತಾಜಾ ಹಂದಿ ಮಾಂಸ! ಹಗಲಿರುಳೂ ನಿಮ್ಮ ಕ್ಷೇಮದ್ದೇ ಅವರಿಗೆ ಚಿಂತೆ! ಉತ್ತಮ ದರ್ಜೆ! ನ್ಯಾಯವಾದ... ಬೆಲೆ!"

ಒಂದಕ್ಷರ ಹೆಚ್ಚಿಲ್ಲ. ಒಂದಕ್ಷರ ಕಮ್ಮಿಯಿಲ್ಲ.

ಆಗ — ಎರಡನೆಯ ಮೈಕಿನಿಂದ — ನಗು! ಖಳನಾಯಕನ ಅಟ್ಟಹಾಸ! ಸನಿತ್! ಬಾಡಿಗೆಗೆ ಹೆದರುವ ನನ್ನ ಗಂಡ, ಕಣ್ಣು ಮುಚ್ಚಿ, ಕತ್ತಿನ ನರ ಉಬ್ಬಿಸಿ, ಹನ್ನೊಂದು ವರ್ಷದಲ್ಲಿ ಒಮ್ಮೆಯೂ ನಗದ ನಗು ನಕ್ಕ!

ಆಮೇಲೆ ಏನು ಹೇಳಲಿ... ಹಾಲ್ ಹಾಲಾಗಿ ಉಳಿಯಲಿಲ್ಲ. ಕುರ್ಚಿ ಬಡಿದರು, ನೆಲ ಬಡಿದರು. ಹಿಂದಿನಿಂದ ಲಮಾಯ್ ಕೂಗು — "ಇನ್ನೊಂದ್ಸಲ! ಬೆಲೆ ಇನ್ನೊಂದ್ಸಲ ಹೇಳೋ ರಾಕ್ಷಸ!" ಗೂಡಿನ ಕಿಂಡಿಯಿಂದ ನೋಡಿದರೆ ಮುಂದಿನ ಸಾಲಿನಲ್ಲಿ ಸಿಯಾನ ಹಲ್ಲಿಲ್ಲದ ತಾಯಿ, ಬಾಯಿಗೆ ಕರವಸ್ತ್ರ ಒತ್ತಿಕೊಂಡು, ಬಿದ್ದು ಬಿದ್ದು ನಗುತ್ತಿದ್ದಳು.

ಸಿಯಾ ಮಾತ್ರ ಕದಲಲಿಲ್ಲ. ಚಿತ್ರ ಪೂರ್ತಿ ನೋಡಿಯೇ ಎದ್ದ.

ಏಪ್ರಿಲ್ ೨, ಮಂಗಳವಾರ

ಸಿಯಾ ತಾನೇ ಬಂದ. ಕೋಣೆಯ ಬಾಗಿಲಲ್ಲಿ ನಿಂತ. ಬಕ್ ಅವನ ಹಿಂದೆ, ಕೊಡೆ ಹಿಡಿದು.

"ಒಂದಕ್ಷರ ಬದ್ಲಾಗಿದ್ರೆ ತೋರ್ಸಿ, ಸಿಯಾ," ಅಂದೆ.

"ಅಕ್ಷರ ಸರಿ ಇತ್ತಮ್ಮ. ನನಗೂ ಕಿವಿ ಇದೆ." ಕೂಗಾಡಲಿಲ್ಲ. ಅದೇ ಕೆಟ್ಟದ್ದು. "ನಮ್ಮಮ್ಮ ಎರಡ್ ದಿನದಿಂದ ಊಟದ್ ಹೊತ್ತಲ್ಲೂ ನಗ್ತಿದಾಳೆ. ಬೆಲೆ ಅಂತ ಯಾರಾದ್ರೂ ಅಂದ್ರೆ ಸಾಕು."

ಗುಮಾಸ್ತನ ಕೈಯಲ್ಲಿ ಬರೆಸಿದ ಕಾಗದ ಕೊಟ್ಟ. ಕ್ಷಮಾಪಣೆ. ಹಂದಿ ಮಾಂಸದ ಬೆಲೆಯ ಬಗ್ಗೆ ನಾನು ಹೇಳಿದ್ದೆಲ್ಲ ಸುಳ್ಳು, ಸಿಯಾ ಧರ್ಮಾತ್ಮ.

"ಭಾನುವಾರ, ಆಟ ಶುರುವಾಗೋಕ್ ಮುಂಚೆ. ಈ ಸಲ ರಾಕ್ಷಸ ಬೇಡ, ಅಜ್ಜಿ ಬೇಡ, ಕೋಳಿ ಬೇಡ. ನಿನ್ ಸ್ವಂತ ಧ್ವನೀಲಿ. ಓದಿದ್ರೆ ಮೈಕು ನಿಂದೇ, ರೂಮೂ ನಿಂದೇ. ಓದ್ಲಿಲ್ಲಾಂದ್ರೆ ಸಂಜೆಗೆ ಸಾಮಾನು ಬೀದೀಲಿ."

ಮೂರ್ಖನಲ್ಲ ಸಿಯಾ. ಎಲ್ಲ ಬಾಗಿಲೂ ಮುಚ್ಚಿಯೇ ಹೋದ.

ಏಪ್ರಿಲ್ ೪, ಗುರುವಾರ

ಸ್ವಂತ ಧ್ವನಿ... ಎಲ್ಲಿಟ್ಟಿದ್ದೇನೆ ಅದನ್ನು? ಸೊಪ್ಪು ಕೊಳ್ಳುವಾಗ ಅಜ್ಜಿಯ ಧ್ವನಿ, ಚೌಕಾಸಿ ಬೇಗ ಆಗುತ್ತದೆ. ಸನಿತ್‌ಗೆ ಬೈಯುವಾಗ ಸವತಿಯದು. ದೇವರ ಮುಂದೆ ದೋಣಿಯವನ ಮಗಳು. ಹುಟ್ಟಿದಾಗಿನಿಂದ ರಂಗದ ಮೇಲೆ. ಇದನ್ನು ಯಾರೂ ಕೇಳಿಯೇ ಇಲ್ಲ!

ಖಾಲಿ ಹಾಲಿನಲ್ಲಿ ಮೈಕ್ ಮುಂದೆ ಕೂತು ಪ್ರಯತ್ನಿಸಿದೆ. ಸಣ್ಣ ದನಿ. ಕೊನೆಯಲ್ಲಿ ಸ್ವಲ್ಪ ಬಿರುಕು. ಸನಿತ್ ಕಸ ಗುಡಿಸುತ್ತಿದ್ದವನು ಪೊರಕೆ ನಿಲ್ಲಿಸಿದ.

"ಯಾರಿದು?"

"ನಾನೇ."

ಪೊರಕೆ ಮತ್ತೆ ಆಡಿಸುತ್ತ, "ಚೆನ್ನಾಗಿದಾಳೆ," ಅಂದ.

ಏಪ್ರಿಲ್ ೫, ಶುಕ್ರವಾರ. ಹಿರಿಯರ ಪೂಜೆ

ಹಂದಿ ಹದಿನೆಂಟು.

ಲಮಾಯ್ ಮಗಳನ್ನು ಕೊಟ್ಟದ್ದು ಚೀನೀ ಮನೆಗೆ. ಅಲ್ಲಿ ಅಕ್ಕಿ ಹಿಟ್ಟು ನಾದಿ, ಕೆಂಪು ಬಣ್ಣ ಹಚ್ಚಿ, ಹಂದಿಯ ಆಕಾರ ಮಾಡಿ ಗೋರಿಯ ಮುಂದೆ ಎಡೆ ಇಟ್ಟರಂತೆ.

"ಅಳಿಯ ಕಿವಿ ಬಾಲ ಎಲ್ಲ ಚೆಂದ ಮಾಡಿದ್ದ," ಅಂದಳು. ಯಾವತ್ತಿನ ಜೋರಿಲ್ಲ. "ಅವ್ರಜ್ಜ ಕಚ್ಚಿ ನೋಡಿದ್ರೆ ಏನ್ ಹೇಳ್ಲಿ, ಪ್ರಯೋಂಗ್?"

ನಗಬೇಕು ಅಂದುಕೊಂಡೆ. ಆಗಲಿಲ್ಲ.

ಏಪ್ರಿಲ್ ೭, ಭಾನುವಾರ. ಗೂಡಿನಲ್ಲಿ. ಆಟಕ್ಕೆ ಹತ್ತು ನಿಮಿಷ

ಬೆಳಿಗ್ಗೆ ಎದ್ದಾಗ ಸನಿತ್ ಆಗಲೇ ಚಾಪೆ ಸುತ್ತಿ, ಪಾತ್ರೆಗಳ ನಡುವೆ ಹಳೇ ಬಟ್ಟೆ ತುರುಕಿ ಗಂಟು ಕಟ್ಟುತ್ತಿದ್ದ.

"ಏನ್ ಮಾಡ್ತಿದೀಯಾ?"

"ಅವ್ರು ಎಸೆದ್ರೆ ಪಿಂಗಾಣಿ ಒಡೆಯುತ್ತೆ. ನಾವೇ ಕಟ್ಟಿಟ್ರೆ ಒಡೆಯಲ್ಲ."

"ನಾನು ಏನ್ ಓದ್ತೀನಿ ಅಂತ ನಿನಗೆ ಹೇಳೇ ಇಲ್ವಲ್ಲ!"

"ಹನ್ನೊಂದು ವರ್ಷ ಪಕ್ಕದ್ ಮೈಕಲ್ಲಿ ಕೂತಿದೀನಿ ಕಣೇ. ಹೇಳ್ಬೇಕಾ?"

ಅಪ್ಪಾ, ನಿನ್ನ ರಾಕ್ಷಸನಿಗೂ ಇಂಥ ಜೊತೆಗಾರ ಸಿಕ್ಕಿರಲಿಲ್ಲ!

ಹಾಲ್ ತುಂಬಿದೆ. ಇವತ್ತು ಫ್ರೀ ಟಿಕೆಟ್ ಇಲ್ಲ, ಎಲ್ಲರೂ ಎರಡು ಬಾತ್ ಕೊಟ್ಟೇ ಬಂದಿದ್ದಾರೆ. ಸಿಯಾ ಅದೇ ಕುರ್ಚಿಯಲ್ಲಿ. ತಾಯಿಯನ್ನು ಕರೆದುಕೊಂಡು ಬಂದಿಲ್ಲ. ಗೂಡಿನ ಬಾಗಿಲಲ್ಲಿ ಬಕ್ ಕೈ ಮುಗಿದು ನಿಂತಿದ್ದಾನೆ — ನನಗೋ, ದೇವರಿಗೋ. ಕ್ಷಮಾಪಣೆಯ ಕಾಗದ ತೊಡೆಯ ಮೇಲಿದೆ. ಸೆಕೆ. ಅದರಲ್ಲೇ ಗಾಳಿ ಬೀಸಿಕೊಳ್ಳುತ್ತಿದ್ದೇನೆ.

ಬೆಲ್ ಆಯಿತು. ದೀಪ ಆರಿತು. ಸನಿತ್ ಕೈ ಮೈಕಿನ ಸ್ವಿಚ್ಚಿನ ಮೇಲೆ. ಈಗ ಹೇಳಲಿರುವುದನ್ನು ಪ್ರೊಜೆಕ್ಟರಿನ ಬೆಳಕಿನಲ್ಲಿ ಬರೆಯುತ್ತಿದ್ದೇನೆ, ಆಮೇಲೆ ನಾನು ಹಾಗೆ ಹೇಳಲೇ ಇಲ್ಲ ಎಂದು ಯಾರೂ ಅನ್ನಬಾರದು —

ಮಹಾಜನರೇ, ನನ್ನ ಹೆಸರು ಪ್ರಯೋಂಗ್. ಇದು ನನ್ನದೇ ಧ್ವನಿ. ಹಂದಿ ಮಾಂಸ ಇವತ್ತು ಕಿಲೋಗೆ ಹದಿನೆಂಟು ಬಾತ್.