ಎದೆಗೆ ಕಟ್ಟಿದ ನೀಲಿ ಪಟ್ಟಿ

ಎಲ್ ರೊಸಾಲ್,
ಜನವರಿ ೨೮

ಪ್ರೀತಿಯ ಅಪ್ಪಾ,

ಕೋಳಿ ಕೆದರಿದಂಥ ಈ ಅಕ್ಷರಕ್ಕೂ ತಪ್ಪುಗಳಿಗೂ ಬೇಸರ ಮಾಡಿಕೊಳ್ಳಬೇಡ. ಐದನೇ ತರಗತಿಗೇ ಶಾಲೆ ಬಿಟ್ಟವಳು ನಾನು. ಮೂರು ತಿಂಗಳಿಂದ ಕಾಗದ ಮಡಿಸಿಟ್ಟುಕೊಂಡೇ ಇದ್ದೆ. ನೀನು ಕಾಫಿ ಕೊಯ್ಲಿಗೆಂದು ದಕ್ಷಿಣಕ್ಕೆ ಹೋಗಿ ಹನ್ನೆರಡು ವರ್ಷವಾಯಿತು. ವಿಳಾಸ ಈಗ ಚಿಕ್ಕಮ್ಮನಿಂದ ಸಿಕ್ಕಿತು.

ಅಪ್ಪಾ, ನಾನು ಆರು ತಿಂಗಳ ಬಸುರಿ. ಬರುತ್ತೇನೆಂದು ಹೋದವನು ಬರಲಿಲ್ಲ. ಹೂವಿನ ತೋಟದಲ್ಲಿ ಮೇಸ್ತ್ರಿಗೆ ಹೇಳಿಲ್ಲ. ಫೆಬ್ರವರಿಯ ಪ್ರೇಮಿಗಳ ದಿನದ ಗುಲಾಬಿಗೆ ಎಲ್ಲರೂ ಓಡಾಡುತ್ತಿರುವಾಗ ಹೊಟ್ಟೆ ಕಂಡರೆ ಮನೆಗೆ ಕಳಿಸುತ್ತಾನೆ. ಅದಕ್ಕೇ ಪೆಟ್ಟಿಗೆಯಲ್ಲಿದ್ದ ನೀಲಿ ಬಟ್ಟೆಯ ಪಟ್ಟಿಯನ್ನು ಹೊಟ್ಟೆಗೆ ಬಿಗಿದುಕೊಂಡೆ. ಅಮ್ಮ ಹೆರಿಗೆಯಲ್ಲಿ ತೀರಿಕೊಂಡ ಮೇಲೆ ನೀನು ನನ್ನನ್ನು ಬರಿ ಎದೆಗೆ ಕಟ್ಟಿಕೊಂಡು, ನಲವತ್ತು ದಿನ ಕೂತೇ ನಿದ್ದೆ ಮಾಡಿದೆಯಲ್ಲ, ಅದೇ ಪಟ್ಟಿ.

ನನ್ನ ಏದುಸಿರು ನಿನಗೆ ಗೊತ್ತೇ ಇದೆ. ಅಮ್ಮನ ಜತೆ ಇದೇ ತೋಟದಲ್ಲಿ ಕೆಲಸ ಮಾಡಿದ ರೋಸ್ಮಿರತ್ತೆ ಈಗಲೂ ಕಾಡುತ್ತಾಳೆ: "ಏನೇ ಚಿಗಟ, ಗುಲಾಬೀನ ನೀನು ಹೊರ್ತೀಯೋ, ಗುಲಾಬೀನೇ ನಿನ್ನ ಹೊರಬೇಕೋ?"

ಹೋದ ವಾರ ತಲೆ ಸುತ್ತಿ ಬಕೆಟ್ಟುಗಳ ನಡುವೆ ಬಿದ್ದುಬಿಟ್ಟೆ. ಅತ್ತೆಯೇ ಆಸ್ಪತ್ರೆಗೆ ಕರೆದೊಯ್ದಳು.

"ಈ ವಯಸ್ಸಿಗೆ ಇಷ್ಟು ಬಿಪಿನಾ! ಹುಟ್ಟಿದಾಗ ಎಷ್ಟು ತೂಕ ಇದ್ದೆ?" ಎಂದರು ಡಾಕ್ಟರಮ್ಮ.

"ಒಂದು ಕೋಳಿಯಷ್ಟಂತೆ. ಅದೂ ಬಡಕಲು ಕೋಳಿ."

ಅವರು ನಗಲಿಲ್ಲ. "ದಿನ ತುಂಬದೆ, ಸಣ್ಣಗೆ ಹುಟ್ಟಿದ ಕೆಲವರಿಗೆ ಹೀಗಾಗುತ್ತಮ್ಮ. ಶ್ವಾಸಕೋಶ, ಮೂತ್ರಪಿಂಡ ಪೂರ್ತಿ ಬೆಳೆದಿರಲ್ಲ. ನಿನ್ನ ಮಗೂನೂ ಸಣ್ಣದಿದೆ. ಬೇಗ ಬಂದ್ರೂ ಬರಬಹುದು. ಇನ್ನು ನಿಂತು ಮಾಡೋ ಕೆಲಸ ಬೇಡ."

ಇಪ್ಪತ್ತಮೂರು ವರ್ಷದಲ್ಲಿ ನನ್ನ ಹುಟ್ಟುತೂಕ ಯಾರೂ ಕೇಳಿರಲಿಲ್ಲ. ನಾನೇ ಸೋಮಾರಿ ಎಂದುಕೊಂಡಿದ್ದೆ.

ನಿನ್ನ ಆಶೀರ್ವಾದ ಕಳಿಸು. ಕನ್ಯೆ ಮರಿಯಮ್ಮ ತಾಯಿ ನಿನ್ನನ್ನು ಕಾಯಲಿ.

ನಿನ್ನ ಚಿಗಟ,
ದೆಯಾನಿರಾ

ಮುಗಿಸಿದ ಮೇಲೆ ಬರೆದದ್ದು: ನಾನು ಬಿದ್ದಾಗ ಬಟ್ಟೆ ಸಡಿಲಿಸುತ್ತ ರೋಸ್ಮಿರತ್ತೆ ಪಟ್ಟಿ ಕಂಡು ಅತ್ತುಬಿಟ್ಟಳು. "ಇದು ನಿಮ್ಮಮ್ಮಂದಲ್ವೇನೇ! ಮೇಸ್ತ್ರಿ ಕಣ್ಣಿಗೆ ಹೊಟ್ಟೆ ಬೀಳದಿರ್ಲಿ ಅಂತ ದಿನಾ ಬೆಳಿಗ್ಗೆ ನಿಮ್ಮಪ್ಪನೇ ಬಿಗೀತಿದ್ದ" ಎಂದಳು. ಅದಕ್ಕೇ ನನ್ನ ಮುಖ ನೋಡಲಾರದೆ ಹೋದೆಯಾ ಅಪ್ಪಾ? ನಾನು ಯಾವಾಗಲೂ ಕೆಮ್ಮುತ್ತಿದ್ದೆನಲ್ಲ, ಅದರಿಂದ ಸಾಕಾಗಿ ನೀನು ಹೋದೆ ಎಂದುಕೊಂಡಿದ್ದೆ. ಪಟ್ಟಿ ಬಿಗಿದದ್ದಕ್ಕೇ ನಾನು ಬೇಗ ಹುಟ್ಟಿದೆನೇ, ಅಮ್ಮ ಹೋದಳೇ ಎಂದು ಡಾಕ್ಟರಮ್ಮನನ್ನು ಕೇಳಿದೆ. "ಪಟ್ಟಿಯಿಂದ್ಲೇ ಅಂತ ಯಾರೂ ಹೇಳೋಕಾಗಲ್ಲ, ನಿಮ್ಮಮ್ಮಂಗೂ ಬಿಪಿ ಇದ್ದಿರಬಹುದು" ಎಂದರು. ಇದನ್ನು ಎರಡು ಸಲ ಓದು.

ಮಗು ಬೇಗ ಬಂದರೆ ಹಗಲೂ ರಾತ್ರಿ ಎದೆಗೆ ಕಟ್ಟಿಕೊಳ್ಳಬೇಕಂತೆ, ಇಬ್ಬರು ಸರದಿಯಲ್ಲಿ. ಇಲ್ಲಿ ನಾನೊಬ್ಬಳೇ ಇದ್ದೇನೆ.

ಇವತ್ತು ಬೆಳಿಗ್ಗೆ ಪಟ್ಟಿ ಬಿಚ್ಚಿ, ಮಗುವಿಗೆಂದು ಒಗೆದು, ತೋಟಕ್ಕೆ ಹೋಗುವವರಿಗೆಲ್ಲ ಕಾಣುವಂತೆ ಬೀದಿ ಕಡೆಯ ತಂತಿಯ ಮೇಲೆ ಹರವಿದೆ.