ಆ ಫೋಟೋದಲ್ಲಿ ತಾವು ಆಡಿ ತೋರಿಸಿದ್ದು ನನ್ನ ಅಪ್ಪನನ್ನು

ಮಾನ್ಯ ಗವರ್ನರ್ ಅವರೇ,

ತಮ್ಮ ಹಳೆಯ ಫೋಟೋದ ಬಗ್ಗೆ ಈ ರಾಜ್ಯದಲ್ಲಿ ಬಾಯಿ ಬಿಡದೆ ಉಳಿದವಳು ನಾನೊಬ್ಬಳೇ ಇರಬೇಕು. ಆದ್ದರಿಂದ ಈಗ ನನ್ನ ಸರದಿ. ಕಾಲೇಜಿನ ವಾರ್ಷಿಕ ಸಂಚಿಕೆಯ ಆ ಪುಟದಲ್ಲಿ ಬಿಳಿಯ ಮುಖಕ್ಕೆಲ್ಲ ಕರಿ ಬೂಟ್ ಪಾಲಿಶ್ ಬಳಿದುಕೊಂಡು, ಏಪ್ರನ್ ಕಟ್ಟಿಕೊಂಡು, ಕೈಯಲ್ಲಿ ಸೌಟು ಹಿಡಿದು, ಬಾಯಿ ಅಗಲಿಸಿ ನಿಂತಿರುವವರು ತಾವು ಹೌದೋ ಅಲ್ಲವೋ ಎಂದು ಟಿವಿಯಲ್ಲಿ ದೊಡ್ಡ ದೊಡ್ಡವರು ದಿನಗಟ್ಟಲೆ ಕಿತ್ತಾಡಿದರು. ಕಿವಿಯ ಆಕಾರ ನೋಡಿ ಹೇಳುವ ತಜ್ಞರನ್ನೂ ಕರೆಸಿದ್ದಾಯಿತು. ಆದರೆ ಆ ಫೋಟೋದಲ್ಲಿ ಇನ್ನೊಬ್ಬರೂ ಇದ್ದಾರೆ: ತಾವು ಯಾರ ವೇಷ ಹಾಕಿದ್ದಿರೋ ಅವರು. ಟಿವಿಯವರು ಅವರನ್ನು 'ಇಡೀ ಕಪ್ಪು ಸಮುದಾಯ' ಎಂದು ಕರೆಯುತ್ತಾರೆ. ನಾನು ಅಪ್ಪಾ ಎಂದು ಕರೆಯುತ್ತೇನೆ. ಅವರು ಬದುಕಿದ್ದಾರೆ. ಇದನ್ನು ಬರೆಯುತ್ತಿರುವಾಗ ಪಕ್ಕದ ಕೋಣೆಯಲ್ಲಿ ಕೂತು ಟಿವಿಯಲ್ಲಿ ಬರುತ್ತಿರುವ ತಮ್ಮನ್ನೇ ನೋಡುತ್ತಿದ್ದಾರೆ.

ನಾನು ಯಾರು ಎಂದು ತಮ್ಮ ಕಚೇರಿಯವರು ಹುಡುಕುವ ಶ್ರಮ ತೆಗೆದುಕೊಳ್ಳುವುದು ಬೇಡ. ಜಿಲ್ಲಾ ನ್ಯಾಯಾಲಯದಲ್ಲಿ ಶೀಘ್ರಲಿಪಿಗಾರ್ತಿಯಾಗಿದ್ದು ನಿವೃತ್ತಳಾದವಳು. ಕಟಕಟೆಯಲ್ಲಿ ನಿಂತವರು ಏನೆಂದರೂ ಅಂದ ಹಾಗೆಯೇ ಬರೆದುಕೊಳ್ಳುವುದು ನನ್ನ ಕೆಲಸವಾಗಿತ್ತು. ನನ್ನ ಬೆರಳುಗಳು ಅತಿ ಹೆಚ್ಚು ಸಲ ಬರೆದ ವಾಕ್ಯ 'ನನಗೆ ನೆನಪಿಲ್ಲ' ಎಂಬುದು. ಶುಕ್ರವಾರ ತಾವು 'ಅದು ನಾನಲ್ಲ' ಎಂದಿರಿ. ಶನಿವಾರ 'ಇರಬಹುದು, ನೆನಪಿಲ್ಲ' ಎಂದಿರಿ. ಸೋಮವಾರ ಪತ್ನಿಯವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು 'ಅದು ನಾನೇ, ಆದರೆ ಅದು ನನ್ನ ಹೃದಯವಲ್ಲ' ಎಂದಿರಿ. ಹೃದಯಕ್ಕೆ ಪಾಲಿಶ್ ಬಳಿಯಲು ಬರುವುದಿಲ್ಲ ಎಂಬುದು ನಮಗೂ ಗೊತ್ತು ಸ್ವಾಮಿ. ನಮ್ಮ ನ್ಯಾಯಾಧೀಶರು ಇದ್ದಿದ್ದರೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಒಮ್ಮೆ ತಮ್ಮ ಮುಖ ನೋಡುತ್ತಿದ್ದರು, ಅಷ್ಟೆ.

ಇನ್ನು ಪಕ್ಷಗಳ ವಿಷಯ. ತಮ್ಮ ವಿರೋಧ ಪಕ್ಷದ ನಾಯಕರು ನಮ್ಮ ಮಾನದ ಬಗ್ಗೆ ಇಷ್ಟೊಂದು ಕಳಕಳಿ ಉಳ್ಳವರೆಂದು ನನಗೆ ಈ ವಯಸ್ಸಿನವರೆಗೂ ತಿಳಿದಿರಲಿಲ್ಲ. ನ್ಯಾಯಾಲಯದ ಮುಂದಿನ ಆ ಕುದುರೆ ಸವಾರನ ಪ್ರತಿಮೆಯನ್ನು, ನಮ್ಮ ಮುತ್ತಜ್ಜಂದಿರನ್ನು ಗುಲಾಮರನ್ನಾಗಿಯೇ ಇಟ್ಟುಕೊಳ್ಳಲು ಯುದ್ಧ ಮಾಡಿದ ಆ ಮಹಾನುಭಾವನನ್ನು, ಕದಲಿಸಿದರೆ ರಕ್ತಪಾತವಾಗುತ್ತದೆ ಎಂದು ಹೋದ ವರ್ಷವಷ್ಟೇ ಗುಡುಗಿದವರು ಇವರೇ. ಈಗ ಕ್ಯಾಮೆರಾದ ಮುಂದೆ ಕರವಸ್ತ್ರ ತೆಗೆದು ಕಣ್ಣೊರೆಸಿಕೊಳ್ಳುತ್ತಾರೆ. ಅದಕ್ಕೆ ಉತ್ತರವಾಗಿ ತಮ್ಮ ಪಕ್ಷದವರು ಏನು ಮಾಡಿದರು? ನಾಚಿಕೊಂಡರೇ? ಎಲ್ಲಾದರೂ ಉಂಟೇ! ಅವರ ಪಕ್ಷದ ಸೆನೆಟರ್ ಒಬ್ಬರು ಇನ್ನೂ ಹಳೆಯ ಕಾಲದಲ್ಲಿ ಇನ್ನೂ ಕಪ್ಪಾಗಿ ನಿಂತಿದ್ದ ಫೋಟೋ ಹುಡುಕಿ ತಂದರು. ಅದಕ್ಕೆ ಅವರು ತಾವಿರುವ ಪಕ್ಷದ ಮೇಯರ್ ಒಬ್ಬರದನ್ನು ತಂದರು. ಈ ರಾಜ್ಯದ ಅಟ್ಟಗಳಲ್ಲಿ ಇಷ್ಟೊಂದು ಪಾಲಿಶ್ ಡಬ್ಬಿಗಳಿದ್ದವೇ ಎಂದು ನಾವು ಬೆರಗಾಗಿ ನೋಡುತ್ತಿದ್ದೇವೆ. 'ನಿಮ್ಮವರು ನಮ್ಮವರಿಗಿಂತ ಹೆಚ್ಚು ಜನಾಂಗದ್ವೇಷಿಗಳು' ಎಂಬುದೇ ಈಗ ಎರಡೂ ಕಡೆಯ ಪ್ರಣಾಳಿಕೆ.

ನಮ್ಮ ನಮ್ಮೊಳಗಿನ ಜಗಳವೂ ಇದಕ್ಕಿಂತ ಚೆನ್ನಾಗಿಲ್ಲ, ಸುಳ್ಳು ಏಕೆ ಹೇಳಲಿ. ಭಾನುವಾರ ಪ್ರಾರ್ಥನೆ ಮುಗಿದು ಚರ್ಚಿನ ಕೆಳಮಹಡಿಯಲ್ಲಿ ಊಟಕ್ಕೆ ಕೂತಾಗ ನಮ್ಮ ಸಭೆಯ ಹಿರಿಯರಾದ ಥರ್ಮನ್ ಅವರು ಕರಿದ ಮೀನು ಮುರಿಯುತ್ತ ತಮ್ಮ ಪರವಾಗಿ ವಾದಿಸಿದರು.

"ಆ ಮನುಷ್ಯ ನಮ್ಮ ಕೇರಿಗೆ ಆಸ್ಪತ್ರೆ ತಂದ್ಕೊಟ್ಟ. ಅವನನ್ನ ಇಳಿಸಿಬಿಟ್ರೆ ಯಾರು ಬರ್ತಾನೆ ಗೊತ್ತಾ? ಆ ಕರವಸ್ತ್ರದವನು! ಬೇಕಾ ನಿಮಗೆ?"

ಹಾಡುವ ತಂಡದ ಐಡೆಲ್ಲಾ ಬಿಡುವವಳಲ್ಲ. "ಅಂದ್ರೆ ಏನ್ರೀ ನೀವು ಹೇಳೋದು? ಆಸ್ಪತ್ರೆ ಕೊಟ್ಟೋನು ನಮ್ಮನ್ನ ಆಡ್ಕೊಂಡು ನಗಬಹುದಾ? ರಸ್ತೆ ಮಾಡಿಸ್ದೋನು ಒದೀಬಹುದಾ?"

"ನಾನು ಹಂಗಂದ್ನೇನಮ್ಮಾ?"

"ಮತ್ತೆ ಹೆಂಗಂದ್ರಿ?"

ಇಬ್ಬರೂ ನನ್ನ ಕಡೆ ತಿರುಗಿದರು. ನಾನು ಮೆಕ್ಕೆಜೋಳದ ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ ಕೂತಿದ್ದೆ. ಇಬ್ಬರ ಮಾತೂ ನಿಜವೇ ಆಗಿದ್ದರೆ ಶೀಘ್ರಲಿಪಿಗಾರ್ತಿ ಏನು ಮಾಡಬೇಕು? ಇಬ್ಬರದನ್ನೂ ಬರೆದುಕೊಳ್ಳಬೇಕು.

ಈಗ ತಮಗೆ ನೆನಪಿಲ್ಲದ ಸಂಗತಿ. ನನ್ನ ಅಪ್ಪ ತಮ್ಮ ಕಾಲೇಜಿನ ಸಹೋದರ ಸಂಘದ ಮನೆಯಲ್ಲಿ ಅಡಿಗೆಯವರಾಗಿದ್ದರು. ಒಳ್ಳೆಯ ಮನೆತನದ ಬಿಳಿಯ ಹುಡುಗರು ಒಟ್ಟಿಗೆ ಇದ್ದು, ಉಂಡು, ಕುಡಿದು, ಜೀವಮಾನವಿಡೀ ಒಬ್ಬರನ್ನೊಬ್ಬರು ಮೇಲಕ್ಕೆತ್ತಿಕೊಳ್ಳುವ ಆ ದೊಡ್ಡ ಕಂಬಗಳ ಮನೆ. ಸಹೋದರರು ನಾಲ್ಕು ವರ್ಷಕ್ಕೊಮ್ಮೆ ಬದಲಾಗುತ್ತಿದ್ದರು, ಅಪ್ಪ ಬದಲಾಗುತ್ತಿರಲಿಲ್ಲ. ಬೆಳಿಗ್ಗೆ ಮೊಟ್ಟೆ ಯಾರಿಗೆ ಹೇಗೆ ಬೇಕು, ಪರೀಕ್ಷೆಯ ದಿನ ಯಾರ ಹೊಟ್ಟೆ ಕೆಡುತ್ತದೆ, ಯಾರ ತಾಯಿ ತೀರಿಕೊಂಡಿದ್ದಾಳೆ ಎಲ್ಲ ಅವರಿಗೆ ಗೊತ್ತಿತ್ತು. ಮನೆಗೆ ಬಂದರೆ ನಮಗೆ ತಮ್ಮೆಲ್ಲರ ಕಥೆ. ನನಗೋ ಉರಿದು ಹೋಗುತ್ತಿತ್ತು. ನನ್ನ ಶಾಲೆಯ ನಾಟಕಕ್ಕೆ ಬಾರದ ಅಪ್ಪ ತಾವೆಲ್ಲ ಆಡಿದ ಫುಟ್‌ಬಾಲ್ ಪಂದ್ಯದ ಅಂಕ ಹೇಳುತ್ತಿದ್ದರು.

ಆ ಮನೆಯಲ್ಲಿ ಒಂದು ಪದ್ಧತಿಯಿತ್ತು. ವಸಂತದ ಕೊನೆಯ ಭಾನುವಾರ ಅಡಿಗೆಯವನಿಗೆ ರಜೆ. ಅಂದು ರಾತ್ರಿಯೂಟಕ್ಕೆ ಹುಡುಗರೇ ಒಲೆ ಹಚ್ಚುತ್ತಾರೆ. ತಾವು ಕೊನೆಯ ವರ್ಷದಲ್ಲಿದ್ದಾಗ ಅಡಿಗೆಮನೆಗೆ ಬಂದು "ಈ ಸಲ ಎಲ್ಲಾ ನಾವೇ ನೋಡ್ಕೋತೀವಿ, ನಿನ್ನ ಏಪ್ರನ್ ಒಂದು ಕೊಟ್ಟು ಹೋಗು" ಎಂದು ಕೇಳಿದಿರಂತೆ. ಅಪ್ಪನಿಗೆ ಎಲ್ಲಿಲ್ಲದ ಸಂತೋಷ. ಕಟ್ಟಿಕೊಂಡಿದ್ದನ್ನು ಕೊಡಲಿಲ್ಲ. ಮನೆಗೆ ಬಂದು ಒಳ್ಳೆಯದನ್ನು, ಜೇಬಿನ ಮೇಲೆ ಅಮ್ಮ ನೀಲಿ ದಾರದಲ್ಲಿ ಸೌಟಿನ ಚಿತ್ರ ಹೊಲಿದಿದ್ದನ್ನು, ಗಂಜಿ ಹಾಕಿ ಇಸ್ತ್ರಿ ಮಾಡಿಸಿಕೊಂಡು ಹೋಗಿ ಕೊಟ್ಟು ಬಂದರು. ಹುಡುಗರು ತನ್ನ ಹಾಗೆ ಅಡಿಗೆ ಮಾಡಲು ಆಸೆಪಡುತ್ತಿದ್ದಾರೆ ಎಂದುಕೊಂಡ ಮನುಷ್ಯ ಅವರು. ಆ ಸಂಜೆ ನಮ್ಮ ಮನೆಯ ಜಗುಲಿಯಲ್ಲಿ ಕೂತು "ಈಗ ಈರುಳ್ಳಿ ಹೆಚ್ತಾ ಇರ್ತಾವೆ, ಕಣ್ಣಲ್ಲಿ ನೀರು ಸುರಿಸ್ಕೊಂಡು" ಎಂದು ತಮ್ಮಷ್ಟಕ್ಕೆ ನಗುತ್ತಿದ್ದರು.

ಏಪ್ರನ್ ವಾಪಸ್ಸು ಬಂದಾಗ ಕತ್ತಿನ ಪಟ್ಟಿಯ ಸುತ್ತ ಕರಿ ಜಿಡ್ಡು. ಅಮ್ಮ ಅದನ್ನು ಒಲೆಯ ಮಸಿ ಎಂದುಕೊಂಡಳು. ಬಿಸಿನೀರಿನಲ್ಲಿ ನೆನೆಸಿ ಉಜ್ಜಿದಳು, ಸೀಮೆಎಣ್ಣೆ ಹಚ್ಚಿ ಉಜ್ಜಿದಳು. "ನನ್ನ ಕೈಹೊಲಿಗೇನೇ ಸಿಕ್ತಾ ಇವರಿಗೆ ಒಲೆ ಒರೆಸೋಕೆ? ನೀವಾದ್ರೂ ಯಾಕ್ರೀ ಕೊಟ್ರಿ?" ಎಂದು ಅಪ್ಪನನ್ನು ಬೈದಳು. "ಹುಡುಗರು ಕಣೇ, ಹೋಗ್ಲಿ ಬಿಡು" ಎಂದು ಅಪ್ಪ. ಅದು ತಮ್ಮ ಕೆನ್ನೆಯಿಂದ ಇಳಿದ ಬೂಟ್ ಪಾಲಿಶ್ ಎಂದು ತಿಳಿಯದೆಯೇ ಅಮ್ಮ ತೀರಿಕೊಂಡಳು. ಅಷ್ಟರಮಟ್ಟಿಗೆ ದೇವರು ದೊಡ್ಡವನು. ಅಪ್ಪನಿಗೆ ಮಾತ್ರ ತಿಳಿಯಿತು, ಈ ವಯಸ್ಸಿನಲ್ಲಿ, ಸಂಜೆಯ ವಾರ್ತೆಯಲ್ಲಿ. ಫೋಟೋ ಪರದೆಯ ತುಂಬ ಬಂದಾಗ ಅವರು ಮೊದಲು ನೋಡಿದ್ದು ಮುಖವನ್ನಲ್ಲ. "ಲೇ ವರ್ನೆಟಾ, ಅದು ನಿನ್ನಮ್ಮನ ಹೊಲಿಗೆ ಅಲ್ವೇನೇ?" ಎಂದರು. ಆಮೇಲೆ ಪರದೆಯ ಮೇಲಿನ ತಮ್ಮ ಕಾಲು ನೋಡಿದರು. ಫೋಟೋದಲ್ಲಿ ತಾವು ಬಲಪಾದವನ್ನು ಹೊರಗೆ ತಿರುಚಿ ಸೊಟ್ಟಗೆ ನಿಂತಿದ್ದೀರಿ. ತಮ್ಮೆಲ್ಲರ ಊಟಕ್ಕೆ ಕೋಳಿ ಕರಿಯುವಾಗ ಕಾದ ಎಣ್ಣೆ ಬಿದ್ದ ಅಪ್ಪನ ಕಾಲಿನ ನಕಲು ಅದು. ಎಷ್ಟು ಚೆನ್ನಾಗಿ ಗಮನಿಸಿದ್ದೀರಿ ಸ್ವಾಮಿ! ಇಷ್ಟು ಗಮನ ಓದಿನ ಕಡೆ ಇದ್ದಿದ್ದರೆ ರಾಷ್ಟ್ರಾಧ್ಯಕ್ಷರೇ ಆಗುತ್ತಿದ್ದಿರಿ.

ಇಷ್ಟಾದರೂ ನಾನು ಸುಮ್ಮನಿರುತ್ತಿದ್ದೆನೇನೋ. ಆದರೆ ತಾವು ಟಿವಿಯಲ್ಲಿ, ತಾವು ದ್ವೇಷಿಯಲ್ಲ ಎಂಬುದಕ್ಕೆ ಸಾಕ್ಷಿಯಾಗಿ, ಒದ್ದೆ ಕಣ್ಣಿನಿಂದ ಒಂದು ಕಥೆ ಹೇಳಿದಿರಿ: "ನಮ್ಮ ಸಂಘದ ಮನೆಯಲ್ಲಿ ಅಂಕಲ್ ಗ್ರೇವಿ ಅಂತ ಒಬ್ಬರಿದ್ದರು. ನನ್ನನ್ನು ಮಗನ ಹಾಗೆ ಸಾಕಿದರು." ಕಪ್ಪು ಹಿರಿಯನನ್ನು 'ಮಿಸ್ಟರ್' ಎನ್ನಲು ನಾಲಿಗೆ ಏಳದವರು ನಮ್ಮ ಸೀಮೆಯಲ್ಲಿ 'ಅಂಕಲ್' ಎನ್ನುತ್ತಾರೆ, ಅದು ತಮಗೂ ಗೊತ್ತು ನನಗೂ ಗೊತ್ತು. ಅಂಕಲ್ ಗ್ರೇವಿಯವರ ನಿಜವಾದ ಹೆಸರು ಆರ್ಡೆಲ್ ಪೆಟಿಫೋರ್ಡ್, ನನ್ನ ಅಪ್ಪ. ಸಾಕಿದ ಮಗನಿಗೆ ಅದು ಗೊತ್ತಿರಲಿಲ್ಲ. ಒಬ್ಬನೇ ಮನುಷ್ಯನನ್ನು ಅಪರಾಧದಲ್ಲೂ ಬಳಸಿಕೊಂಡು ಸಮರ್ಥನೆಯಲ್ಲೂ ಬಳಸಿಕೊಂಡದ್ದನ್ನು ನಾನು ಯಾವ ನ್ಯಾಯಾಲಯದಲ್ಲೂ ನೋಡಿರಲಿಲ್ಲ.

ಆಮೇಲೆ ಅಂಕಲ್ ಗ್ರೇವಿ ಯಾರೆಂದು ಪತ್ತೆ ಹಚ್ಚಿಕೊಂಡು ಮನೆಗೆ ಜನ ಬರತೊಡಗಿದರು. ಮೊದಲು ಬಂದವಳು ತಮ್ಮ ಕಚೇರಿಯ ಹೆಣ್ಣುಮಗಳು, ಕೈಯಲ್ಲಿ ಹೂಗುಚ್ಛ. ಅಪ್ಪ ಹೇಳಬೇಕಾದ ಮಾತನ್ನು ಅವಳೇ ಬರೆದುಕೊಂಡು ಬಂದಿದ್ದಳು: ಏಪ್ರನ್ ತಾನೇ ಸಂತೋಷದಿಂದ ಕೊಟ್ಟಿದ್ದು, ಎಲ್ಲ ತಮಾಷೆಗಾಗಿ, ಮನಸ್ಸಿನಲ್ಲಿ ಏನೂ ಇಲ್ಲ. ತಾವು ಏರ್ಪಡಿಸಿರುವ ಪ್ರಾರ್ಥನಾ ಉಪಾಹಾರಕೂಟದಲ್ಲಿ ತಮ್ಮ ಪಕ್ಕ ನಿಂತು ಅಷ್ಟು ಓದಿಬಿಟ್ಟರೆ ಸಾಕಂತೆ. ಮರುದಿನ ವಿರೋಧ ಪಕ್ಷದ ಗಂಡಸೊಬ್ಬ ಕ್ಯಾಮೆರಾದವನ ಜೊತೆ ಬಂದ. ಅಪ್ಪ ಅಂದಿನಿಂದ ಇಂದಿನವರೆಗೆ ಅವಮಾನದಲ್ಲಿ ಬೇಯುತ್ತಿದ್ದಾರೆ ಎಂಬುದು ಅವನು ಬರೆದು ತಂದ ಮಾತು.

"ಅಯ್ಯಾ, ನನಗೆ ಗೊತ್ತಾಗಿದ್ದೇ ಮೊನ್ನೆ," ಎಂದರು ಅಪ್ಪ.

"ಅದನ್ನ ಹೇಳೋದು ಬೇಡ ಯಜಮಾನ್ರೇ. ಕಥೆಯ ಕಾವು ಕಡಿಮೆಯಾಗತ್ತೆ."

"ಹಂಗಾದ್ರೆ ನೀನೇ ಹೇಳ್ಕೊಂಬಿಡಪ್ಪ. ನನ್ನ ವೇಷ ಹಾಕೋದು ಈ ರಾಜ್ಯದಲ್ಲಿ ಕಷ್ಟ ಏನಲ್ಲ."

ನಾನು ಬಾಗಿಲು ಹಾಕಿಕೊಂಡು ಮನಸಾರೆ ನಕ್ಕೆ. ಅಪ್ಪ ನಗಲಿಲ್ಲ. ನಾನು ಈ ಪತ್ರ ಬರೆಯಲು ಕಾರಣ ಅದೇ. ಅವರು ನಗುವುದನ್ನು ನಿಲ್ಲಿಸಿದ್ದಾರೆ. ಒಲೆಯ ಮುಂದೆ ಗುನುಗುತ್ತಿದ್ದರು, ಅದೂ ನಿಂತಿದೆ. ನಮ್ಮ ಚರ್ಚಿನಲ್ಲಿ ಕಾಣಿಕೆ ತಟ್ಟೆ ಹಿಡಿದು ಸಾಲುಗಳ ನಡುವೆ ನಡೆದು ಬರುವುದು ಅವರ ಕೆಲಸ. ಬಿಳಿ ಕೈಗವಸು ಹಾಕಿಕೊಂಡು, ಆ ಕಾಲನ್ನು ಎಳೆದುಕೊಂಡೇ, ಮಂತ್ರಿಯ ಗತ್ತಿನಲ್ಲಿ ಬರುತ್ತಿದ್ದರು. ಫೋಟೋ ನೋಡಿದ ಮೇಲೆ ಒಂದು ಭಾನುವಾರವೂ ಹೋಗಿಲ್ಲ. ಮೊನ್ನೆ ಹಜಾರದ ಕನ್ನಡಿಯ ಮುಂದೆ ಹಿಂದಕ್ಕೂ ಮುಂದಕ್ಕೂ ಓಡಾಡುತ್ತಿದ್ದರು. ನನ್ನನ್ನು ಕಂಡು ನಿಂತರು.

"ನಾನು ಹಂಗೇನಾ ಮಗಾ ನಡೆಯೋದು?"

"ಇಲ್ಲಪ್ಪಾ."

"ಬಾಯಿ ಹಂಗೆ ಬಿಡ್ತೀನಾ?"

"ಇಲ್ಲಪ್ಪಾ, ಅವನಿಗೆ ತಲೆ ಕೆಟ್ಟಿತ್ತು, ಬಾ ಊಟ ಮಾಡು."

ಅವರು ಬರಲಿಲ್ಲ. ಪತ್ರಿಕೆಯಲ್ಲಿ ಬಂದ ಫೋಟೋ ತೆಗೆದು, ಅದರಲ್ಲಿ ವೇಷ ಹಾಕಿ ನಿಂತ ತಮ್ಮ ಹಿಂದಿರುವ ಹುಡುಗರನ್ನು ಬೆರಳಿಟ್ಟು ತೋರಿಸಿದರು. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾರೆ, ಒಬ್ಬನಂತೂ ಮೇಜಿನ ಮೇಲೆ ಬಿದ್ದೇ ಬಿಟ್ಟಿದ್ದಾನೆ. ಒಬ್ಬೊಬ್ಬರ ಹೆಸರನ್ನೂ ಅಪ್ಪ ಹೇಳಿದರು. ಆಮೇಲೆ ಕೇಳಿದರು: "ಇಷ್ಟು ನಗೋ ಹಂಗೆ ನಾನು ಏನಂದೆ ಅಂತ ಆಡಿ ತೋರಿಸಿರಬಹುದು? ಎಷ್ಟು ಯೋಚಿಸಿದ್ರೂ ಹೊಳೀತಾ ಇಲ್ಲ. ನಾನು ಆ ಹುಡುಗರ ಜೊತೆ ಚೆನ್ನಾಗೇ ಮಾತಾಡ್ತಿದ್ದೆ ಕಣೇ."

ಗವರ್ನರ್ ಅವರೇ, ಈ ಪ್ರಶ್ನೆಯನ್ನು ಅವರು ಅಂದ ಹಾಗೆಯೇ ಬರೆದುಕೊಂಡಿದ್ದೇನೆ. ಇದಕ್ಕೆ ಉತ್ತರ ತಮ್ಮ ಪಕ್ಷದ ವಕ್ತಾರರಲ್ಲಿಲ್ಲ, ಕರವಸ್ತ್ರದವರಲ್ಲೂ ಇಲ್ಲ. ಒಬ್ಬ ಮನುಷ್ಯ ಬದುಕಿನ ಕೊನೆಗೆ ಕೂತು ತಾನು ಬಡಿಸಿದ ಒಂದೊಂದು ಊಟವನ್ನೂ ನೆನೆಸಿಕೊಂಡು ಅದರಲ್ಲಿ ನಗುವಂಥದ್ದು ಏನಿತ್ತು ಎಂದು ಹುಡುಕುತ್ತಿದ್ದಾನೆ. ಆ ವರ್ಷಗಳು ಅವರವು. ಹುಡುಗರು ತನ್ನನ್ನು ಇಷ್ಟಪಟ್ಟಿದ್ದರು ಎಂಬುದೊಂದೇ ಅವರು ಅಲ್ಲಿಂದ ಮನೆಗೆ ತಂದ ಆಸ್ತಿ. ಅದು ನಿಜವೋ ಸುಳ್ಳೋ ಎಂದು ಹೇಳಬಲ್ಲವರು ಈಗ ತಾವೊಬ್ಬರೇ.

ಆದ್ದರಿಂದ ನನ್ನ ಬೇಡಿಕೆ ಸಣ್ಣದು. ರಾಜೀನಾಮೆ ಕೊಡುವಿರೋ, ಕುರ್ಚಿಗೆ ಅಂಟಿಕೊಳ್ಳುವಿರೋ, ಅದನ್ನು ಪಕ್ಷಗಳು ಕಿತ್ತಾಡಿಕೊಂಡು ತೀರ್ಮಾನಿಸಲಿ. ಕ್ಷಮಾಪಣೆ ಬೇಡ. ಅದನ್ನು ಟಿವಿಯಲ್ಲಿ ಬೇಕಾದಷ್ಟು ನೋಡಿದ್ದೇವೆ. ಹೂಗುಚ್ಛವಂತೂ ಖಂಡಿತ ಬೇಡ. ತಾವು ಒಬ್ಬರೇ, ಕ್ಯಾಮೆರಾ ಇಲ್ಲದೆ, ನಮ್ಮ ಮನೆಗೆ ಬನ್ನಿ. ನನ್ನ ಅಪ್ಪನನ್ನು ಕುರ್ಚಿಯಲ್ಲಿ ಕೂರಿಸುತ್ತೇನೆ. ಅಂದು ಗೆಳೆಯರ ಮುಂದೆ ಏನು ಮಾಡಿದಿರೋ ಅದನ್ನೇ ಅವರ ಮುಂದೆ ಮಾಡಿ ತೋರಿಸಿ: ಅದೇ ನಡಿಗೆ, ಅದೇ ದನಿ, ಅದೇ ಮಾತು. ಪಾಲಿಶ್ ಬೇಕಿಲ್ಲ. ನೆನಪಿಲ್ಲ ಎನ್ನಬೇಡಿ. ತಮ್ಮ ಕಾಲಿಗೆ ನೆನಪಿರುತ್ತದೆ. ನಗು ಬರುವ ಹಾಗಿದ್ದರೆ ಅಪ್ಪ ನಗುತ್ತಾರೆ, ನಗುವುದರಲ್ಲಿ ಅವರೆಂದೂ ಜಿಪುಣರಲ್ಲ. ಮುಗಿದ ಮೇಲೆ, ಮನೆಗೆ ಬಂದವರನ್ನು ಬಾಗಿಲ ತನಕ ಕಳುಹಿಸಿಕೊಡುವುದು ಅವರ ಅಭ್ಯಾಸ. ಎದ್ದು ತಮ್ಮ ಮುಂದೆ ನಡೆಯುತ್ತಾರೆ. ಆಗ ನಗಬೇಕೆನಿಸಿದರೆ ತಾವೂ ನಗಿ.

ಇಂತಿ,
ಇದುವರೆಗೆ ತಮ್ಮ ಪಕ್ಷಕ್ಕೇ ಮತ ಹಾಕಿದ, ಆ ಕರವಸ್ತ್ರದವರ ದೆಸೆಯಿಂದ ಮುಂದೆಯೂ ಹಲ್ಲು ಕಚ್ಚಿ ಅದಕ್ಕೇ ಹಾಕಬೇಕಾಗಿರುವ,
ಶ್ರೀ ಆರ್ಡೆಲ್ ಪೆಟಿಫೋರ್ಡ್ ಅವರ ಮಗಳು
ವರ್ನೆಟಾ